ದೇಗಾಂವಕ್ಕೆ ಹತ್ತಿರ ಬಂದ ಎಂ.ಪಿ.ಟಿ.

ಕಿತ್ತೂರಿನ ಮಗ್ಗುಲಿನ ದೇಗಾಂವ ಹೊರಗಿನವರಿಗೆ ಗೊತ್ತಿರುವುದು ಕದಂಬರ ಕಾಲದ ಕಮಲನಾರಾಯಣ ಗುಡಿಯಿಂದ. ಈ ಊರಿನ ಹುಡುಗಿಯೊಬ್ಬಳು ಬಿ.ಪಿ.ಟಿ., ಅಂದರೆ ಫಿಜಿಯೋಥೆರಪಿ ಪದವಿ, ಮುಗಿಸಿ ಮುಂದೆ ಎಂ.ಪಿ.ಟಿ. ಓದುತ್ತೇನೆಂದರೆ ಇಂದು ಹೆದ್ದಾರಿಗೆ ಬಂದು ಬಸ್ಸು ಹತ್ತಿದರಾಯಿತು. ಒಂದು ಕಡೆ ಬೆಳಗಾವಿಯ ಕೆ.ಎಲ್.ಇ., ಇನ್ನೊಂದು ಕಡೆ ಧಾರವಾಡದ ಎಸ್.ಡಿ.ಎಂ. ಎಪ್ಪತ್ತು ವರ್ಷದ ಹಿಂದೆ ಈ ವಿದ್ಯೆಗೆ ಮುಂಬಯಿಯೇ ಗತಿ.

ಆಗ ಮುಂಬಯಿ ಪರರಾಜ್ಯವೇನಲ್ಲ. 1956ರ ನವೆಂಬರ್ ತನಕ ಬೆಳಗಾವಿ ಜಿಲ್ಲೆಗೆ ಅದೇ ರಾಜಧಾನಿ. ಅಲ್ಲಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರಲ್ಲಿ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳಿಗೆ ರೋಗಿಯನ್ನು ಮತ್ತೆ ಅಣಿಗೊಳಿಸುವ ಚಿಕಿತ್ಸೆ) ಶಾಲೆ ತೆರೆದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ಭಾರತದ ಸೊಸೆಯಾಗಿ ಬಂದವರು. 1953ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಫಿಜಿಯೋಥೆರಪಿ ಶಾಲೆಯೂ ಶುರುವಾಯಿತು. ಪೋಲಿಯೋ ಹಾವಳಿಯೇ ಅದಕ್ಕೆ ಮುಖ್ಯ ಕಾರಣ. 2014ರಲ್ಲಿ ಭಾರತ ಪೋಲಿಯೋಮುಕ್ತವಾಯಿತು. ಈಗ ಫಿಜಿಯೋ ಬಳಿ ಬರುವವರು ಲಕ್ವಾ ಹೊಡೆದವರು, ಬೈಕಿನಿಂದ ಬಿದ್ದವರು, ಕಬ್ಬು ಕಡಿದು ಸೊಂಟ ಹಿಡಿದವರು.

ಕರ್ನಾಟಕದಲ್ಲಿ ಪುನರ್ವಸತಿ ಚಿಕಿತ್ಸೆಯ ಉನ್ನತ ಓದು ಗಟ್ಟಿಯಾಗಿ ನೆಲೆಯೂರಿದ್ದು ಕೈಕಾಲಿನ ಚಿಕಿತ್ಸೆಗಿಂತ ಮೊದಲು ಮಾತಿನ ಚಿಕಿತ್ಸೆಯಲ್ಲಿ. ಜಯಚಾಮರಾಜ ಒಡೆಯರು ಕೊಟ್ಟ ಜಾಗದಲ್ಲಿ, ಅಮೆರಿಕದ ವಾಕ್ ಚಿಕಿತ್ಸಾ ತಜ್ಞ ಮಾರ್ಟಿನ್ ಪಾಮರ್ ಅವರ ಸಲಹೆಯೊಂದಿಗೆ, 1965ರಲ್ಲಿ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ಹುಟ್ಟಿತು. ಎಂ.ಎಸ್ಸಿ. ಪಾಠ ಅಲ್ಲಿ ಆರಂಭದ ವರ್ಷಗಳಲ್ಲೇ ನಡೆಯಿತು. 1972ರ ಹೊತ್ತಿಗೆ ಕನ್ನಡದ ಮಕ್ಕಳ ಉಚ್ಚಾರಣೆಯನ್ನು ಪರೀಕ್ಷಿಸುವ ಸಾಧನವೂ ಸಿದ್ಧವಾಗಿತ್ತು. ನನ್ನ ಮಟ್ಟಿಗೆ ಸ್ನಾತಕೋತ್ತರ ಓದಿನ ಬೆಲೆ ತಿಳಿಯುವುದು ಇಂಥದರಲ್ಲಿ. ಇಂಗ್ಲಿಷ್ ಮಗುವಿಗೆಂದು ಮಾಡಿದ ಪರೀಕ್ಷೆಯಿಂದ ಕನ್ನಡದ ಕೂಸಿನ ತೊದಲು ಅಳೆಯಲಾಗದು. ‘ಹೌದ್ರೀ’, ‘ಐತಿ’ ಎನ್ನುವ ಕಿತ್ತೂರು ಸೀಮೆಯ ಮಗುವಿನ ಮುಂದೆ ಮೈಸೂರಿನ ಮಾತೂ ಎಚ್ಚರದಿಂದಲೇ ಬಳಸಬೇಕಾದದ್ದು.

ಈ ವೃತ್ತಿಗಳ ಕಾನೂನಿನ ಕಥೆ ಸ್ವಲ್ಪ ಗೋಜಲು. ವಾಕ್ ಚಿಕಿತ್ಸಕರು, ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು, ಕೃತಕ ಕೈಕಾಲು ತಯಾರಿಸುವವರು 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಡಿ ಬಂದರು. ಫಿಜಿಯೋ, ಆಕ್ಯುಪೇಷನಲ್ ಥೆರಪಿಗಳು ಹೊರಗುಳಿದವು. ಇವೆರಡಕ್ಕೂ ರಾಷ್ಟ್ರಮಟ್ಟದ ಕಾಯ್ದೆ ಬರಲು 2021ರ ತನಕ ಕಾಯಬೇಕಾಯಿತು. ಹೀಗಾಗಿ ಒಬ್ಬನೇ ರೋಗಿಯ ಕಾಲು, ನಾಲಿಗೆ ಎರಡನ್ನೂ ಸರಿಪಡಿಸುವವರು ಬೇರೆ ಬೇರೆ ದಫ್ತರಿನಲ್ಲಿ ಹೆಸರು ಬರೆಸಬೇಕು!

ಫಿಜಿಯೋಥೆರಪಿಯ ಸ್ನಾತಕೋತ್ತರ ಪದವಿಯಾದ ಎಂ.ಪಿ.ಟಿ. ಎರಡು ವರ್ಷದ್ದು. ಮೂಳೆ-ಕೀಲು, ನರ, ಹೃದಯ-ಶ್ವಾಸಕೋಶ, ಕ್ರೀಡೆ, ಸಮುದಾಯ ಮುಂತಾದ ವಿಭಾಗಗಳಲ್ಲಿ ಒಂದನ್ನು ಆರಿಸಿ, ಕೊನೆಗೆ ಪ್ರಬಂಧ ಒಪ್ಪಿಸಬೇಕು. ಹುಡುಗರ ಕಣ್ಣು ಸಹಜವಾಗಿ ಕ್ರೀಡೆಯ ಮೇಲೆ. ಹಳ್ಳಿಗೆ ಬೇಕಾದದ್ದು ನರ ಮತ್ತು ಸಮುದಾಯ. ಲಕ್ವಾ ಹೊಡೆದ ಅಜ್ಜನನ್ನು ದಿನಾ ಬೆಳಗಾವಿಗೆ ಒಯ್ಯುವುದು ಯಾರಿಂದಾದೀತು? ಅಂಥ ಮನೆಯ ಬಾಗಿಲಿಗೆ ಈಗ ಹೋಗುವವರು ಗೌರವಧನಕ್ಕೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರು ಪಂಚಾಯಿತಿ ಮಟ್ಟದವರು, ತಾವೇ ಅಂಗವಿಕಲರು. ಪಿಂಚಣಿ ಅರ್ಜಿ, ಗುರುತಿನ ಚೀಟಿಗಳ ಓಡಾಟ ಅವರಿಗೆ ಗೊತ್ತು. ಬಿಗಿದ ಭುಜವನ್ನು ಸಡಿಲಿಸುವ ವ್ಯಾಯಾಮವನ್ನು ಯಾರಾದರೂ ಕಲಿಸಿಕೊಡಬೇಕು. ಸಮುದಾಯ ವಿಭಾಗದವರಿಗೆ ಇಲ್ಲೊಂದು ಪ್ರಬಂಧದ ವಿಷಯವೇ ಇದೆ: ಫಿಜಿಯೋ ವಾರಕ್ಕೊಮ್ಮೆ ಬಂದು, ಉಳಿದ ದಿನ ಕಾರ್ಯಕರ್ತರೂ ಮನೆಯವರೂ ವ್ಯಾಯಾಮ ಮಾಡಿಸಿದರೆ ಆರು ತಿಂಗಳಲ್ಲಿ ಅಜ್ಜ ಎಷ್ಟು ನಡೆದಾನು?