ಗಜಕಡ್ಡಿ ಯಾರ ಕೈಯಲ್ಲಿ?

2023ರ ಏಪ್ರಿಲ್ 5ರಂದು ಅಮುಲ್ ಸಂಸ್ಥೆ ತನ್ನ ಹಾಲು, ಮೊಸರು ಬೆಂಗಳೂರಿಗೆ ಬರಲಿದೆಯೆಂದು ಟ್ವಿಟರ್‌ನಲ್ಲಿ ಚಿಕ್ಕದೊಂದು ಪೋಸ್ಟು ಹಾಕಿತು. ವಿಧಾನಸಭಾ ಚುನಾವಣೆಗೆ ತಿಂಗಳೊಪ್ಪತ್ತು ಉಳಿದಿತ್ತು. ನಂದಿನಿಯನ್ನು ಅಮುಲ್ ಜೊತೆ ವಿಲೀನ ಮಾಡಿಬಿಡುತ್ತಾರೆಂಬ ಅನುಮಾನ ಅದಕ್ಕೂ ಮೊದಲೇ ಹೊಗೆಯಾಡುತ್ತಿತ್ತು. ‘ಗೋ ಬ್ಯಾಕ್ ಅಮುಲ್’, ‘ಸೇವ್ ನಂದಿನಿ’ ಹ್ಯಾಷ್‌ಟ್ಯಾಗ್‌ಗಳು ಎದ್ದವು, ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಂದಿನಿಯ ಬೆನ್ನಿಗೆ ನಿಂತಿತು, ರಾಜಕಾರಣಿಗಳು ಸಾಲುಗಟ್ಟಿದರು. ಆ ಪೋಸ್ಟನ್ನು ಎಷ್ಟು ಜನ ನೋಡಿದರು, ಎಷ್ಟು ಜನ ಹಂಚಿದರು, ಕೆಳಗೆ ಎಷ್ಟು ಪ್ರತಿಕ್ರಿಯೆ ಬಂತು ಎಂದಷ್ಟೇ ಎಣಿಸಿದರೆ ಯಾವ ಕಂಪನಿಯಾದರೂ ಹೊಟ್ಟೆಕಿಚ್ಚುಪಡುವಂಥ ಗೆಲುವು ಅದು. ಹಾಲು ಮಾರಬೇಕಾದವರ ಮಟ್ಟಿಗೆ ಏನಾಯಿತೆಂಬುದು ಬೇರೆಯೇ ಕಥೆ.

ವ್ಯಾಪಾರದ ಪೋಸ್ಟುಗಳು ಎಷ್ಟು ಫಲ ಕೊಟ್ಟವು ಎಂದು ಅಳೆಯುವುದು ಇಂದು ಒಂದು ವೃತ್ತಿ. ಅದಕ್ಕೆಂದೇ ತಂತ್ರಾಂಶಗಳಿವೆ, ಏಜೆನ್ಸಿಗಳಿವೆ, ತಿಂಗಳ ಕೊನೆಗೆ ಬರುವ ಬಣ್ಣಬಣ್ಣದ ವರದಿಗಳಿವೆ. ಈ ವೃತ್ತಿ ಬೆಳೆದುಬಂದ ದಾರಿಯನ್ನು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ: ಬಟ್ಟೆ ಮಾರುವವನೇ ಗಜಕಡ್ಡಿಯನ್ನೂ ಹಿಡಿದಿದ್ದಾನೆ, ಆಗಾಗ ಅದರ ಉದ್ದವನ್ನೂ ಅವನೇ ಬದಲಿಸುತ್ತಾನೆ.

ಮೊದಲು ಹೀಗಿರಲಿಲ್ಲ. ಅಂಚೆಯ ಮೂಲಕ ಸರಕು ಮಾರುತ್ತಿದ್ದ ಅಮೆರಿಕದ ವ್ಯಾಪಾರಿಗಳು ಒಂದೊಂದು ಪತ್ರಿಕೆಯ ಜಾಹೀರಾತಿನ ಕೂಪನ್ನಿಗೂ ಬೇರೆ ಬೇರೆ ಗುರುತು ಹಾಕುತ್ತಿದ್ದರು. ಕತ್ತರಿಸಿ ಕಳಿಸಿದ ಕೂಪನ್ ನೋಡಿದರೆ ಯಾವ ಜಾಹೀರಾತು ಗಿರಾಕಿಯನ್ನು ತಂದಿತೆಂದು ಗೊತ್ತಾಗುತ್ತಿತ್ತು. ಕ್ಲಾಡ್ ಹಾಪ್‌ಕಿನ್ಸ್ 1923ರಲ್ಲಿ ಬರೆದ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ನಿಂತಿರುವುದೇ ಈ ಲೆಕ್ಕದ ಮೇಲೆ. ಇಲ್ಲಿ ಎಣಿಸುವವನು ದುಡ್ಡು ಹಾಕಿದ ವ್ಯಾಪಾರಿಯೇ. ಪತ್ರಿಕೆಗಳ ಪ್ರಸಾರ ಸಂಖ್ಯೆಯ ವಿಷಯದಲ್ಲಿ ಮಾಲೀಕರ ಮಾತನ್ನು ಯಾರೂ ಸುಮ್ಮನೆ ನಂಬುತ್ತಿರಲಿಲ್ಲ. ಅದಕ್ಕೇ 1914ರಲ್ಲಿ ಅಮೆರಿಕದಲ್ಲಿ, 1948ರಲ್ಲಿ ಭಾರತದಲ್ಲಿ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ (ಎಬಿಸಿ) ಹುಟ್ಟಿತು. ಪ್ರಕಾಶಕರು, ಜಾಹೀರಾತುದಾರರು, ಏಜೆನ್ಸಿಗಳು ಮೂವರೂ ಕೂತು ಒಪ್ಪಿದ ಲೆಕ್ಕ ಅದು. ಫೇಸ್‌ಬುಕ್ಕಿನ ಕಾಲಕ್ಕೆ ಬರುವಾಗ ಲೆಕ್ಕ ನೋಡುವ ಇಂಥ ಹೊರಗಿನವರ ಹಾಜರಿಯೇ ಮಾಯವಾಯಿತು.

ನಡುವೆ ಜಾಲದ ಆರಂಭದ ದಿನಗಳಿವೆ. 1994ರ ಅಕ್ಟೋಬರ್‌ನಲ್ಲಿ ಹಾಟ್‌ವೈರ್ಡ್ ತಾಣದಲ್ಲಿ ಎಟಿ ಆ್ಯಂಡ್ ಟಿ ಕಂಪನಿಯ ಬ್ಯಾನರ್ ಜಾಹೀರಾತು ಬಂದಾಗ ಕಂಡವರಲ್ಲಿ ಶೇ 44ರಷ್ಟು ಮಂದಿ ಕ್ಲಿಕ್ ಮಾಡಿದರೆಂದು ಹೇಳಲಾಗುತ್ತದೆ. ಹೊಸತರ ಹುಚ್ಚು ಅದು. ಇಂದು ಬ್ಯಾನರಿಗೆ ಶೇ 1 ಬಂದರೂ ಹಬ್ಬ. ಆದರೆ ಕ್ಲಿಕ್ ಎಂಬುದು ಎಣಿಸಲು ಸುಲಭ, ಸುಳ್ಳಿಗೆ ಜಾಗ ಕಡಿಮೆ ಎಂಬ ನಂಬಿಕೆ ಉಳಿಯಿತು. 2005ರಲ್ಲಿ ಅರ್ಚಿನ್ ಎಂಬ ಕಂಪನಿಯನ್ನು ಕೊಂಡ ಗೂಗಲ್, ಅದೇ ವರ್ಷ ಅನಲಿಟಿಕ್ಸ್ ಸೇವೆಯನ್ನು ಉಚಿತವಾಗಿ ಕೊಟ್ಟಿತು. ಇಂದಿಗೂ ಲಿಂಕುಗಳ ಬಾಲಕ್ಕೆ ಅಂಟಿಕೊಂಡಿರುವ ‘ಯುಟಿಎಂ’ನಲ್ಲಿ ಮೊದಲ ಅಕ್ಷರ ಆ ಅರ್ಚಿನ್‌ನದೇ. ಹಳೆಯ ಕೂಪನ್ನಿನ ಗುರುತೇ ರೂಪ ಬದಲಿಸಿ ಬಂದಿದೆ, ಅಷ್ಟೆ.

ಫೇಸ್‌ಬುಕ್ 2007ರಲ್ಲಿ ಕಂಪನಿಗಳಿಗೆಂದು ಪೇಜ್‌ಗಳನ್ನು ತೆರೆಯಿತು; ಲೈಕ್ ಗುಂಡಿ ಬಂದದ್ದು 2009ರ ಫೆಬ್ರುವರಿಯಲ್ಲಿ. ಅಲ್ಲಿಂದ ಮೂರು ನಾಲ್ಕು ವರ್ಷ ಲೈಕು, ಫ್ಯಾನು ಎಣಿಸುವುದೇ ಕೆಲಸ. ಕ್ಲೌಟ್ ಎಂಬ ಸೇವೆ ಪ್ರತಿಯೊಬ್ಬರ ಪ್ರಭಾವಕ್ಕೂ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಿತ್ತು. ಒಂದು ಹಂತದಲ್ಲಿ ಗಾಯಕ ಜಸ್ಟಿನ್ ಬೀಬರ್ ಅಮೆರಿಕದ ಅಧ್ಯಕ್ಷ ಒಬಾಮರಿಗಿಂತ ಮುಂದಿದ್ದರು. ಆ ಸೇವೆ 2018ರಲ್ಲಿ ಬಾಗಿಲು ಹಾಕಿತು, ಯಾರೂ ಕಣ್ಣೀರು ಹಾಕಿದಂತಿಲ್ಲ.

ಆ ಕಾಲದ ದೊಡ್ಡ ಪಾಠ ಪೆಪ್ಸಿಯದು. ವರ್ಷಾನುಗಟ್ಟಲೆ ‘ಸೂಪರ್ ಬೌಲ್’ ಪಂದ್ಯದ ವೇಳೆ ಟಿ.ವಿ. ಜಾಹೀರಾತು ಕೊಡುತ್ತಿದ್ದ ಪೆಪ್ಸಿ 2010ರಲ್ಲಿ ತನ್ನ ಕೋಲಾಕ್ಕೆ ಅದನ್ನು ಕೈಬಿಟ್ಟು ‘ಪೆಪ್ಸಿ ರಿಫ್ರೆಶ್’ ಎಂಬ ಯೋಜನೆ ತಂದಿತು: ಜನ ಸಮಾಜಸೇವೆಯ ಯೋಚನೆಗಳನ್ನು ಕಳಿಸಬೇಕು, ಆನ್‌ಲೈನಿನಲ್ಲಿ ಮತ ಹಾಕಬೇಕು, ಗೆದ್ದವಕ್ಕೆ ಪೆಪ್ಸಿ ಹಣ ಕೊಡುತ್ತದೆ. ಮೀಸಲಿಟ್ಟದ್ದು 2 ಕೋಟಿ ಡಾಲರ್. ಮತಗಳು ಕೋಟಿಗಟ್ಟಲೆ ಬಂದವು, ಲೈಕುಗಳು ಲಕ್ಷಗಟ್ಟಲೆ. ಅದೇ ವರ್ಷ ಅಮೆರಿಕದ ಮಾರುಕಟ್ಟೆಯಲ್ಲಿ ಪೆಪ್ಸಿ ಎರಡನೆಯ ಸ್ಥಾನವನ್ನು ಡಯೆಟ್ ಕೋಕ್‌ಗೆ ಬಿಟ್ಟುಕೊಟ್ಟು ಮೂರಕ್ಕೆ ಇಳಿಯಿತು. ಮತ ಹಾಕಿದ್ದರಿಂದಲೇ ಮಾರಾಟ ಕುಸಿಯಿತು ಎನ್ನಲಾಗದು. ಕೋಲಾ ಕುಡಿಯುವವರ ಸಂಖ್ಯೆಯೇ ಇಳಿಮುಖವಾಗಿತ್ತು. ಆದರೆ ಜನ ಮತ ಹಾಕಿದ್ದು ತಮ್ಮೂರಿನ ಶಾಲೆಗೆ, ಆಟದ ಮೈದಾನಕ್ಕೆ. ಅದನ್ನು ಕೋಲಾದ ಮೇಲಿನ ಪ್ರೀತಿ ಎಂದು ಓದುವುದು ಓದುವವರ ಆಸೆ.

ಲೈಕಿಗೆ ಬೆಲೆಯಿದೆಯೇ ಎಂಬುದನ್ನು ಹಾರ್ವರ್ಡ್‌ನ ಲೆಸ್ಲಿ ಜಾನ್ ಮತ್ತು ಸಂಗಡಿಗರು ಪ್ರಯೋಗಗಳಿಂದಲೇ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಒಂದು ಬ್ರ್ಯಾಂಡಿನ ಪೇಜನ್ನು ಲೈಕ್ ಮಾಡಿದ ಮಾತ್ರಕ್ಕೆ ಯಾರ ಖರೀದಿಯೂ ಬದಲಾಗಲಿಲ್ಲ. ಮೊದಲೇ ಪ್ರೀತಿಯಿದ್ದವರು ಲೈಕ್ ಒತ್ತುತ್ತಾರೆ. ಲೈಕ್ ಒತ್ತಿಸಿದರೆ ಪ್ರೀತಿ ಹುಟ್ಟುವುದಿಲ್ಲ. ಲೈಕ್ ಮಾಡಿದವರಿಗೆ ಕಂಪನಿ ದುಡ್ಡು ಕೊಟ್ಟು ಪೋಸ್ಟುಗಳನ್ನು ತೋರಿಸಿದಾಗ ಮಾತ್ರ ನಡವಳಿಕೆಯಲ್ಲಿ ಕೊಂಚ ವ್ಯತ್ಯಾಸ ಕಂಡಿತು.

ದುಡ್ಡು ಕೊಡುವ ಮಾತು ಬಂದದ್ದು ಹೇಗೆ? ತನ್ನ ಪೇಜಿಗೆ ಲೈಕ್ ಒತ್ತಿದವರಿಗೆಲ್ಲ ತನ್ನ ಪೋಸ್ಟು ಕಾಣುತ್ತದೆಂದು ಅಂಗಡಿಯವರು ತಿಳಿದಿದ್ದರು. ಸರಾಸರಿ ಶೇ 16ರಷ್ಟು ಮಂದಿಗೆ ಕಾಣುತ್ತದೆಂದು 2012ರಲ್ಲಿ ಫೇಸ್‌ಬುಕ್ಕೇ ಹೇಳಿತು. ಜಾಹೀರಾತು ಸಂಸ್ಥೆ ಒಗಿಲ್ವಿ ನೋಡಿದ ಪೇಜ್‌ಗಳಲ್ಲಿ ಆ ಪ್ರಮಾಣ 2013ರ ಅಕ್ಟೋಬರ್‌ನಲ್ಲಿ ಶೇ 12, 2014ರ ಫೆಬ್ರುವರಿಯಲ್ಲಿ ಶೇ 6. ವರ್ಷಗಟ್ಟಲೆ ಫ್ಯಾನುಗಳನ್ನು ಕೂಡಿಹಾಕಿದವರಿಗೆ ಈಗ ಅದೇ ಫ್ಯಾನುಗಳನ್ನು ತಲುಪಲು ‘ಬೂಸ್ಟ್’ ಗುಂಡಿ ಒತ್ತಿ ಹಣ ತೆರಬೇಕಾಯಿತು. ಇದರೊಂದಿಗೆ ಲೆಕ್ಕದ ಭಾಷೆಯೂ ಬದಲಾಗಿ, ಫ್ಯಾನುಗಳ ಸಂಖ್ಯೆ ಹಿಂದೆ ಸರಿದು ‘ರೀಚ್’ ಮತ್ತು ‘ಎಂಗೇಜ್‌ಮೆಂಟ್ ರೇಟ್’ ಮುಂದೆ ಬಂದವು.

ಎಂಗೇಜ್‌ಮೆಂಟ್ ರೇಟ್ ಎಂಬ ಈ ಭಾಗಾಕಾರದಲ್ಲಿ ಒಂದು ಕೈಚಳಕವಿದೆ. ಒಂದು ಸೀರೆ ಅಂಗಡಿಯ ಪೇಜಿಗೆ 10,000 ಫಾಲೋವರ್‌ಗಳಿದ್ದಾರೆ, ಒಂದು ಪೋಸ್ಟು 800 ಮಂದಿಗೆ ತಲುಪಿತು, ಲೈಕು ಕಾಮೆಂಟು ಶೇರು ಎಲ್ಲ ಸೇರಿ 40 ಎಂದಿಟ್ಟುಕೊಳ್ಳಿ. ಫಾಲೋವರ್‌ಗಳಿಂದ ಭಾಗಿಸಿದರೆ ಶೇ 0.4, ತಲುಪಿದವರಿಂದ ಭಾಗಿಸಿದರೆ ಶೇ 5. ಎರಡೂ ಸುಳ್ಳಲ್ಲ. ಒಂದರಲ್ಲಿ ಅಂಗಡಿ ಮುಳುಗುತ್ತಿದೆ, ಇನ್ನೊಂದರಲ್ಲಿ ಮೆರೆಯುತ್ತಿದೆ. ಭಾಜಕ ಯಾವುದೆಂದು ಬರೆಯದ ವರದಿಗೆ ನನ್ನ ಕಣ್ಣಲ್ಲಿ ಬೆಲೆಯಿಲ್ಲ.

ಭಾಜಕದ ಆಟ ಬಯಲಾದದ್ದು ವಿಡಿಯೊ ವಿಷಯದಲ್ಲಿ. ವಿಡಿಯೊವೊಂದನ್ನು ಜನ ಸರಾಸರಿ ಎಷ್ಟು ಹೊತ್ತು ನೋಡಿದರೆಂದು ಹೇಳುವಾಗ ಫೇಸ್‌ಬುಕ್ 3 ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಭಾಜಕದಿಂದ ಬಿಟ್ಟಿತ್ತೆಂದು 2016ರ ಸೆಪ್ಟೆಂಬರ್‌ನಲ್ಲಿ ಬೆಳಕಿಗೆ ಬಂತು. ಸರಾಸರಿ ಶೇ 60ರಿಂದ 80ರಷ್ಟು ಉಬ್ಬಿರಬಹುದೆಂದು ಕಂಪನಿಯೇ ಒಂದು ಏಜೆನ್ಸಿಗೆ ತಿಳಿಸಿತ್ತು. ಜಾಹೀರಾತುದಾರರು ಕೋರ್ಟಿಗೆ ಹೋದರು, 2019ರಲ್ಲಿ ಫೇಸ್‌ಬುಕ್ 4 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಪತ್ರಿಕೆಯೊಂದು ಪ್ರಸಾರ ಸಂಖ್ಯೆಯಲ್ಲಿ ಇಂಥ ತಪ್ಪು ಮಾಡಿದ್ದರೆ ಎಬಿಸಿಯ ಲೆಕ್ಕಪರಿಶೋಧಕರು ಹಿಡಿಯುತ್ತಿದ್ದರು; ಇಲ್ಲಿ ಹಿಡಿಯಲು ಹೊರಗಿನವರು ಯಾರೂ ಒಳಗಿರಲಿಲ್ಲ. 2017ರಲ್ಲಿ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್‌ನ ಮಾರ್ಕೆಟಿಂಗ್ ಮುಖ್ಯಸ್ಥ ಮಾರ್ಕ್ ಪ್ರಿಚರ್ಡ್ ಇದೇ ಸಿಟ್ಟಿನಲ್ಲಿ ಮಾತಾಡಿದರು, ಆ ವರ್ಷ ಕಂಪನಿ ಡಿಜಿಟಲ್ ಜಾಹೀರಾತನ್ನು ಸುಮಾರು 20 ಕೋಟಿ ಡಾಲರಿನಷ್ಟು ಕಡಿತ ಮಾಡಿತು. ಮರುವರ್ಷ ನ್ಯೂಯಾರ್ಕ್ ಟೈಮ್ಸ್ ನಕಲಿ ಫಾಲೋವರ್‌ಗಳನ್ನು ಮಾರುವ ದಂಧೆಯನ್ನು ಹೊರಗೆಳೆಯಿತು.

ಎಷ್ಟು ಜನ ಮಾತಾಡಿದರು ಎಂಬುದರ ಜೊತೆಗೆ ಏನು ಮಾತಾಡಿದರು ಎಂದು ಯಂತ್ರದಿಂದ ಓದಿಸುವ ಪ್ರಯತ್ನವೂ ನಡೆದೇ ಇದೆ. ಇಂಥ ಕೆಲಸ ಮಾಡುತ್ತಿದ್ದ ರೇಡಿಯನ್6 ಕಂಪನಿಯನ್ನು ಸೇಲ್ಸ್‌ಫೋರ್ಸ್ 2011ರಲ್ಲಿ 30 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. ಇಂಗ್ಲಿಷಿನಲ್ಲಿ ಹೇಗೋ ನಡೆಯುವ ಈ ಕೆಲಸ ನಮ್ಮಲ್ಲಿ ಮುಗ್ಗರಿಸುತ್ತದೆ. ‘ಸಕ್ಕತ್ತಾಗಿದೆ ಗುರು ನಿಮ್ ಸರ್ವಿಸ್, ಇನ್ನೂ ಎರಡು ತಿಂಗಳು ಕಾಯ್ತೀನಿ’ ಎಂಬುದನ್ನು ಇಂಗ್ಲಿಷ್ ಲಿಪಿಯಲ್ಲಿ ಯಾರಾದರೂ ಬರೆದರೆ ಯಂತ್ರ ಅದನ್ನು ಹೊಗಳಿಕೆಯ ಖಾತೆಗೆ ಜಮಾ ಮಾಡಿಬಿಡಬಹುದು. ಕನ್ನಡ–ಇಂಗ್ಲಿಷ್ ಬೆರೆಸಿದ ಯೂಟ್ಯೂಬ್ ಕಾಮೆಂಟುಗಳನ್ನು ಮನುಷ್ಯರೇ ಓದಿ ಗುರುತು ಹಾಕಿದ ‘ಕನ್‌ಸಿಎಂಡಿ’ ಎಂಬ ಸಂಗ್ರಹ ಬಂದದ್ದು 2020ರಲ್ಲಿ. ಅದರಲ್ಲಿರುವುದು ಏಳು ಸಾವಿರಕ್ಕೂ ಹೆಚ್ಚು ಕಾಮೆಂಟು. ಕನ್ನಡಿಗರ ವ್ಯಂಗ್ಯಕ್ಕೆ ಅಷ್ಟು ಸಾಲದು.

ಭಾವನೆಯನ್ನು ಓದಲಾಗದಿದ್ದರೂ ಅದಕ್ಕೆ ತೂಕ ಕಟ್ಟುವುದು ನಿಲ್ಲಲಿಲ್ಲ. 2016ರಲ್ಲಿ ಸಿಟ್ಟು, ನಗು, ಅಚ್ಚರಿಯ ಚಿಹ್ನೆಗಳು ಬಂದ ಮೇಲೆ ಫೇಸ್‌ಬುಕ್ ಒಳಗಿನ ಲೆಕ್ಕದಲ್ಲಿ ಅವಕ್ಕೆ ಲೈಕಿನ ಐದು ಪಟ್ಟು ಬೆಲೆ ಕೊಟ್ಟಿತ್ತೆಂದು 2021ರಲ್ಲಿ ವಾಷಿಂಗ್ಟನ್ ಪೋಸ್ಟ್ ವರದಿ ಮಾಡಿತು. ಸಿಟ್ಟಿನ ಚಿಹ್ನೆಯ ತೂಕ ಸೊನ್ನೆಗೆ ಇಳಿದದ್ದು 2020ರಲ್ಲಿ. ಅಷ್ಟರವರೆಗೆ ಗಿರಾಕಿಗಳನ್ನು ರೇಗಿಸಿದ ಪೋಸ್ಟೇ ಹೆಚ್ಚು ಜನರ ಮುಂದೆ ಹೋಗಿ, ವರದಿಯಲ್ಲಿ ಹೆಚ್ಚು ಅಂಕ ಪಡೆಯುವಂತಿತ್ತು.

ಈ ಎಲ್ಲ ಎಣಿಕೆಗಳಿಂದ ಬೇಸತ್ತ ಅರ್ಥಶಾಸ್ತ್ರಜ್ಞರು ಬೇರೆ ಪ್ರಶ್ನೆ ಕೇಳಿದರು: ಜಾಹೀರಾತು ಇಲ್ಲದಿದ್ದರೆ ಏನಾಗುತ್ತಿತ್ತು? 2012ರಲ್ಲಿ ಇಬೇ ಕಂಪನಿ ತನ್ನ ಹೆಸರು ಹುಡುಕಿದವರಿಗೆ ತೋರಿಸುತ್ತಿದ್ದ ಜಾಹೀರಾತನ್ನು ಕೆಲವೆಡೆ ನಿಲ್ಲಿಸಿ ನೋಡಿತು. ಬರುವವರು ಬಂದೇ ಬಂದರು, ಕೆಳಗಿದ್ದ ಬಿಟ್ಟಿ ಲಿಂಕನ್ನು ಒತ್ತಿ. ಇದು ಹುಡುಕಾಟದ ಜಾಹೀರಾತಿನ ಕಥೆಯಾದರೂ ಸಾಮಾಜಿಕ ಜಾಲತಾಣಗಳಿಗೂ ಪಾಠವಾಯಿತು. 2019ರಲ್ಲಿ ಬ್ರೆಟ್ ಗಾರ್ಡನ್ ಮತ್ತು ಸಂಗಡಿಗರು ಫೇಸ್‌ಬುಕ್ಕಿನ 15 ಜಾಹೀರಾತು ಪ್ರಯೋಗಗಳನ್ನು ಹಿಡಿದು, ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ ಪಡೆದ ಫಲಿತಾಂಶವನ್ನು ಸಾಮಾನ್ಯ ಅಂಕಿಅಂಶ ವಿಧಾನಗಳ ಫಲಿತಾಂಶದೊಡನೆ ಹೋಲಿಸಿದರು. ಅರ್ಧದಷ್ಟು ಪ್ರಯೋಗಗಳಲ್ಲಿ ಲೆಕ್ಕ ಮೂರು ಪಟ್ಟು ಆಚೀಚೆ ಆಗಿತ್ತು. ಅವರ ತಂಡದಲ್ಲಿ ಫೇಸ್‌ಬುಕ್ಕಿನವರೂ ಇದ್ದರು; ಇಂಥ ಪ್ರಯೋಗಕ್ಕೂ ಬಾಗಿಲು ತೆಗೆಯಬೇಕಾದ್ದು ಮನೆಯ ಯಜಮಾನನೇ.

ಸಣ್ಣ ವ್ಯಾಪಾರಿಗೆ ಈ ಪ್ರಯೋಗದ ದಾರಿ ಸುಲಭವಲ್ಲ. ರ್‍ಯಾಂಡಲ್ ಲೂಯಿಸ್, ಜಸ್ಟಿನ್ ರಾವ್ 2015ರಲ್ಲಿ 25 ದೊಡ್ಡ ಪ್ರಯೋಗಗಳನ್ನು ನೋಡಿ ತೋರಿಸಿದಂತೆ, ಒಬ್ಬೊಬ್ಬ ಗಿರಾಕಿಯ ಖರೀದಿಯ ಏರಿಳಿತ ಎಷ್ಟಿರುತ್ತದೆಂದರೆ ಜಾಹೀರಾತಿನ ಸಣ್ಣ ಲಾಭ ಅದರಲ್ಲಿ ಮುಳುಗಿಹೋಗುತ್ತದೆ. ಹುಬ್ಬಳ್ಳಿಯಲ್ಲಿ ಬೂಸ್ಟ್ ಮಾಡಿ ಬೆಳಗಾವಿಯಲ್ಲಿ ಬಿಟ್ಟು ಹೋಲಿಸೋಣವೆಂದರೆ, ನಡುವೆ ಒಂದು ಜಾತ್ರೆಯೋ ಮದುವೆಯ ಮುಹೂರ್ತವೋ ಬಂದು ಎರಡೂ ಊರಿನ ಲೆಕ್ಕ ಕದಡುತ್ತದೆ.

ಮೇಲಾಗಿ 2021ರ ಏಪ್ರಿಲ್‌ನಲ್ಲಿ ಆ್ಯಪಲ್ ಕಂಪನಿ, ಬಳಕೆದಾರರ ಒಪ್ಪಿಗೆಯಿಲ್ಲದೆ ಆ್ಯಪ್‌ಗಳು ಅವರ ಹಿಂದೆ ಬೀಳಬಾರದೆಂದು ಕಟ್ಟುಮಾಡಿತು. ಜಾಹೀರಾತು ನೋಡಿದವರು ಮುಂದೆ ಏನು ಕೊಂಡರೆಂಬುದು ಕತ್ತಲಾಯಿತು. ಇದರಿಂದ 2022ರಲ್ಲಿ ಸುಮಾರು 1,000 ಕೋಟಿ ಡಾಲರ್ ವರಮಾನ ತಪ್ಪುತ್ತದೆಂದು ಫೇಸ್‌ಬುಕ್ಕಿನ ಒಡೆಯ ಕಂಪನಿ ಮೆಟಾ ಅಂದಾಜಿಸಿತು. ನಮ್ಮಲ್ಲಿ ಇದಕ್ಕಿಂತ ದೊಡ್ಡ ಕತ್ತಲು ವಾಟ್ಸ್ಆ್ಯಪ್‌ನದು. ಇನ್‌ಸ್ಟಾಗ್ರಾಂನಲ್ಲಿ ಕಂಡ ಸೀರೆಯ ಫೋಟೊ ಸ್ಕ್ರೀನ್‌ಶಾಟ್ ಆಗಿ ಅಕ್ಕತಂಗಿಯರ ಗ್ರೂಪಿಗೆ ಹೋಗುತ್ತದೆ, ವಾರದ ಮೇಲೆ ಅತ್ತಿಗೆ ಅಂಗಡಿಗೆ ಬರುತ್ತಾಳೆ. ಈ ಮಾರಾಟ ಯಾವ ಡ್ಯಾಶ್‌ಬೋರ್ಡಿಗೂ ಸಿಗದು. ಗಲ್ಲೆಯಲ್ಲಿ ಕೂತವರು ‘ಎಲ್ಲಿ ನೋಡಿದ್ರಿ?’ ಎಂದು ಕೇಳಿ ಪುಸ್ತಕದಲ್ಲಿ ಗೀಟು ಎಳೆಯುವುದು, ಆನ್‌ಲೈನಿಗೆಂದೇ ಬೇರೆ ಫೋನ್ ನಂಬರ್ ಕೊಡುವುದು ಹಾಪ್‌ಕಿನ್ಸ್ ಕಾಲದ ಉಪಾಯಗಳು. ಆದರೂ ನಾನು ಡ್ಯಾಶ್‌ಬೋರ್ಡಿಗಿಂತ ಆ ಪುಸ್ತಕವನ್ನೇ ನಂಬುತ್ತೇನೆ, ಅದು ಅಂಗಡಿಯವರ ಸ್ವಂತದ್ದೆಂಬ ಒಂದೇ ಕಾರಣಕ್ಕೆ.

ಇತ್ತೀಚಿನ ತಿರುವೂ ಹಳೆಯ ಜಾಡಿನದೇ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಏನು ಹರಡುತ್ತಿದೆಯೆಂದು ಹೊರಗಿನವರು ನೋಡಲು ನೆರವಾಗುತ್ತಿದ್ದ ಕ್ರೌಡ್‌ಟ್ಯಾಂಗಲ್ ಅನ್ನು ಮೆಟಾ 2024ರ ಆಗಸ್ಟ್‌ನಲ್ಲಿ ಮುಚ್ಚಿತು. ಅದೇ ತಿಂಗಳು ಇನ್‌ಸ್ಟಾಗ್ರಾಂ, ಇನ್ನು ಎಲ್ಲ ಬಗೆಯ ಪೋಸ್ಟಿಗೂ ‘ವ್ಯೂಸ್’ ಎಂಬುದೇ ಮುಖ್ಯ ಅಳತೆ ಎಂದಿತು. ಒಬ್ಬನೇ ಎರಡು ಸಲ ನೋಡಿದರೂ ಅದರಲ್ಲಿ ಎರಡು. 2025ರ ಮಾರ್ಚ್‌ನಲ್ಲಿ ಯೂಟ್ಯೂಬ್ ಕೂಡ ಶಾರ್ಟ್ಸ್ ವಿಡಿಯೊ ಶುರುವಾದರೆ ಸಾಕು, ಒಂದು ವೀಕ್ಷಣೆ ಎಂದು ಎಣಿಸತೊಡಗಿತು. 2012ರಲ್ಲಿ ವೀಕ್ಷಣೆಯ ಸಂಖ್ಯೆಗಿಂತ ನೋಡಿದ ಹೊತ್ತು ಮುಖ್ಯವೆಂದು ತನ್ನ ಲೆಕ್ಕವನ್ನೇ ತಿರುವಿದ್ದ ಅದೇ ಯೂಟ್ಯೂಬ್. ಹೀಗಾಗಿ ಈ ವರ್ಷಗಳ ವ್ಯೂಸ್ ಗೆರೆ ಮೇಲೇರಿರುವ ವರದಿಯನ್ನು ಏಜೆನ್ಸಿ ತಂದು ಮೇಜಿನ ಮೇಲಿಟ್ಟರೆ, ಏರಿದ್ದು ನೋಡುಗರೋ ಎಣಿಸುವ ಕ್ರಮವೋ ಎಂದು ಕೇಳಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕುವುದು ಒಳ್ಳೆಯದು.