ಮರಮುಟ್ಟು, ಪೆನ್ನಿ, ಮೊಕದ್ದಮೆ: ಎಲಿಜಬೆತ್ ಕಾಲದ ಲಂಡನ್ ನಾಟಕಶಾಲೆಗಳು

1590ರ ನವೆಂಬರಿನಲ್ಲಿ ಮಾರ್ಗರೆಟ್ ಬ್ರೇನ್ ಎಂಬ ವಿಧವೆ ತನ್ನ ಕಡೆಯ ಕೆಲವರನ್ನು ಕರೆದುಕೊಂಡು, ನ್ಯಾಯಾಲಯದ ಆದೇಶವನ್ನೂ ಹಿಡಿದು, ಲಂಡನ್ನಿನ ಉತ್ತರಕ್ಕಿದ್ದ ಶೋರ್ಡಿಚ್‌ನ ನಾಟಕಶಾಲೆಯ ಬಾಗಿಲಿಗೆ ಬಂದಳು. ಸತ್ತ ಗಂಡನ ಪಾಲಿಗೆ ಬರಬೇಕಾದ ಗಲ್ಲಾದ ಹಣವನ್ನು ಕೇಳುವುದು ಅವಳ ಉದ್ದೇಶ. ಸಿಕ್ಕಿದ್ದು ಬೈಗುಳ, ಜೊತೆಗೆ ಬಂದವರಿಗೆ ಪೊರಕೆಯ ಕೋಲಿನ ಏಟು. ಆ ಕೋಲು ಹಿಡಿದಿದ್ದ ಹುಡುಗ ರಿಚರ್ಡ್ ಬರ್ಬೇಜ್. ಮುಂದೆ ಹ್ಯಾಮ್ಲೆಟ್, ಒಥೆಲೊ, ಲಿಯರ್ ಪಾತ್ರಗಳಿಗೆ ಮೊದಲು ಜೀವ ಕೊಟ್ಟವನು ಇವನೇ.

ಈ ಪ್ರಸಂಗ ನಮ್ಮವರೆಗೆ ಬಂದದ್ದು ಯಾವ ಕವಿಯ ಬರಹದಿಂದಲೂ ಅಲ್ಲ. ಆಮೇಲೆ ನಡೆದ ವ್ಯಾಜ್ಯದ ಸಾಕ್ಷಿಗಳ ಹೇಳಿಕೆಯಿಂದ. ಎಲಿಜಬೆತ್ ಕಾಲದ ನಾಟಕಶಾಲೆಯ ಬಗ್ಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಇಂಥದ್ದೇ: ಗುತ್ತಿಗೆ ಪತ್ರ, ಬಡಗಿಯೊಂದಿಗಿನ ಕರಾರು, ಸಾಲದ ಲೆಕ್ಕ, ಫಿರ್ಯಾದಿ. ಪಾಲುದಾರರು ಜಗಳವಾಡದೆ ಸುಖವಾಗಿದ್ದಿದ್ದರೆ ನಮ್ಮ ಕೈಗೆ ಅಷ್ಟಿಷ್ಟೂ ಉಳಿಯುತ್ತಿರಲಿಲ್ಲ. ಆದ್ದರಿಂದ ಈ ಲೇಖನ ರಂಗಮಂದಿರವನ್ನು ಕಾವ್ಯದ ಕಡೆಯಿಂದ ನೋಡದೆ ಮರಮುಟ್ಟು ಮತ್ತು ಹಣದ ಕಡೆಯಿಂದ ನೋಡುತ್ತದೆ. ಹಾಗೆ ನೋಡಿದಾಗ, ಗ್ಲೋಬ್ ಎಂಬ ಪ್ರಸಿದ್ಧ ನಾಟಕಶಾಲೆ ವೈಭವದ ಕಾಲದ ಕಟ್ಟಡವಾಗಿ ಕಾಣದೆ ಕೈಬರಿದಾದ ಕುಟುಂಬವೊಂದು ಹುಡುಕಿಕೊಂಡ ದಾರಿಯಾಗಿ ಕಾಣುತ್ತದೆ.

ಮೊದಲ ಹೆಸರು ಮಾರ್ಗರೆಟ್‌ಳ ಗಂಡ ಜಾನ್ ಬ್ರೇನ್‌ನದು. ಕಿರಾಣಿ ವ್ಯಾಪಾರಿಗಳ ಸಂಘಕ್ಕೆ ಸೇರಿದ ಇವನು 1567ರಲ್ಲಿ ಲಂಡನ್ನಿನ ಪೂರ್ವಕ್ಕೆ, ರೆಡ್ ಲಯನ್ ಎಂಬ ತೋಟದ ಮನೆಯ ಆವರಣದಲ್ಲಿ ರಂಗವೊಂದನ್ನು ಕಟ್ಟಿಸಿದ. ಬಹುಕಾಲ ಇದನ್ನು ಯಾವುದೋ ಹೋಟೆಲಿನ ಅಂಗಳವೆಂದೇ ತಿಳಿಯಲಾಗಿತ್ತು. ಬ್ರೇನ್ ತನ್ನ ಬಡಗಿಯ ಮೇಲೆ ಹೂಡಿದ ಮೊಕದ್ದಮೆಯ ಕಾಗದ 1980ರ ದಶಕದಲ್ಲಿ ಬೆಳಕಿಗೆ ಬಂದ ಮೇಲೆ ಚಿತ್ರ ಬದಲಾಯಿತು. 40 ಅಡಿ ಉದ್ದ, 30 ಅಡಿ ಅಗಲ, ನೆಲದಿಂದ 5 ಅಡಿ ಎತ್ತರದ ರಂಗ, ಮೇಲೊಂದು ಗೋಪುರ, ಸುತ್ತ ಪ್ರೇಕ್ಷಕರಿಗೆ ಅಟ್ಟಣೆ. ಊರೂರು ಅಲೆದು, ಶ್ರೀಮಂತರ ಹಜಾರದಲ್ಲೋ ಹೋಟೆಲಿನ ಅಂಗಳದಲ್ಲೋ ಆಡುತ್ತಿದ್ದ ಕಾಲದಲ್ಲಿ ನಾಟಕಕ್ಕೆಂದೇ ದುಡ್ಡು ಹಾಕುವ ಧೈರ್ಯ ಮಾಡಿದವನು ಒಬ್ಬ ವ್ಯಾಪಾರಿ. ರೆಡ್ ಲಯನ್ ಬಾಳಲಿಲ್ಲ. ಬ್ರೇನ್ ಪಾಠ ಕಲಿಯಲೂ ಇಲ್ಲ.

ಅವನ ಭಾವ ಜೇಮ್ಸ್ ಬರ್ಬೇಜ್ ಬಡಗಿ ಕಸುಬು ಕಲಿತು ನಟನಾದವನು, ಲೆಸ್ಟರ್ ಪ್ರಭುವಿನ ಮೇಳದ ಮುಖ್ಯಸ್ಥ. 1572ರ ಕಾಯಿದೆಯ ಪ್ರಕಾರ ಪ್ರಭುಗಳ ಆಶ್ರಯವಿಲ್ಲದ ನಟ ಅಲೆಮಾರಿ, ಶಿಕ್ಷಾರ್ಹ. ಆಶ್ರಯವಿದ್ದವರಿಗೆ ಇದೇ ಕಾಯಿದೆ ರಕ್ಷಣೆಯಾಯಿತು. 1574ರಲ್ಲಿ ಬರ್ಬೇಜ್‌ನ ಮೇಳಕ್ಕೆ ರಾಣಿಯ ಸನ್ನದು ಸಿಕ್ಕಿತು. ಎರಡು ವರ್ಷಕ್ಕೆ, 1576ರ ಏಪ್ರಿಲಿನಲ್ಲಿ, ಶೋರ್ಡಿಚ್‌ನ ಹಳೆಯ ಸನ್ಯಾಸಿನಿಯರ ಮಠದ ಜಾಗವನ್ನು ಗೈಲ್ಸ್ ಅಲೆನ್ ಎಂಬವನಿಂದ 21 ವರ್ಷದ ಗುತ್ತಿಗೆಗೆ ಪಡೆದ. ವರ್ಷಕ್ಕೆ 14 ಪೌಂಡ್. ಕಟ್ಟಡಕ್ಕೆ ಹೆಚ್ಚಿನ ಹಣ ಬ್ರೇನ್‌ನದು. ಹೆಸರು ‘ದಿ ಥಿಯೇಟರ್’, ರೋಮನ್ನರ ಪದವನ್ನು ಎತ್ತಿಟ್ಟುಕೊಂಡದ್ದು. ಇಂದು ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಸಾಮಾನ್ಯ ನಾಮವಾಗಿರುವ ಈ ಮಾತು ಆಗ ಒಂದೇ ಒಂದು ಕಟ್ಟಡದ ಅಂಕಿತನಾಮ.

ಜಾಗದ ಆಯ್ಕೆ ಆಕಸ್ಮಿಕವಲ್ಲ. ಲಂಡನ್ನಿನ ಮೇಯರ್ ಮತ್ತು ನಗರಸಭೆಗೆ ನಾಟಕವೆಂದರೆ ಜನಜಂಗುಳಿ, ಪ್ಲೇಗ್, ಕೆಲಸ ಬಿಟ್ಟು ಓಡುವ ಹುಡುಗರು. ಅವರ ಅಧಿಕಾರ ನಿಲ್ಲುವ ಗೆರೆಯಾಚೆ ಕಟ್ಟುವುದೇ ಉಪಾಯ. ಥಿಯೇಟರಿನ ಪಕ್ಕದಲ್ಲೇ 1577ರಲ್ಲಿ ಕರ್ಟನ್ ಎದ್ದಿತು. ಆಮೇಲೆ ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ 1587ರಲ್ಲಿ ರೋಸ್, 1595ರಲ್ಲಿ ಸ್ವಾನ್. ದಕ್ಷಿಣ ದಡದಲ್ಲಿ ಕರಡಿ ಕಾಳಗದ ಅಖಾಡ, ಸೂಳೆಗೇರಿ, ಸೆರೆಮನೆ ಎಲ್ಲ ಆಗಲೇ ಇದ್ದವು. ನಾಟಕ ಅವುಗಳ ನೆರೆಗೆ ಬಂತು. ಅರಮನೆಯ ನಿಲುವು ಬೇರೆ: ಕ್ರಿಸ್‌ಮಸ್ ದಿನಗಳಲ್ಲಿ ರಾಣಿಯ ಮುಂದೆ ಆಡಲು ನಟರಿಗೆ ಅಭ್ಯಾಸ ಬೇಡವೇ ಎಂಬುದು ಅದರ ವಾದ. ಎಲಿಜಬೆತ್ ಮಹಾರಾಣಿಗೆ ಕಡಿಮೆ ಖರ್ಚಿನಲ್ಲಿ ಮನರಂಜನೆ ಸಿಗುತ್ತಿತ್ತು, ಅಭ್ಯಾಸದ ವೆಚ್ಚವನ್ನು ಪೆನ್ನಿ ಕೊಟ್ಟವರು ಭರಿಸುತ್ತಿದ್ದರು. ನಾಟಕಗಳನ್ನು ಓದಿ ಅನುಮತಿ ಕೊಡುವ ಅಧಿಕಾರವೂ 1579ರಿಂದ ಆಸ್ಥಾನದ ವಿನೋದಾಧಿಕಾರಿಯಾಗಿದ್ದ ಎಡ್ಮಂಡ್ ಟಿಲ್ನಿಯ ಕೈಗೆ ಬಂತು.

ಆ ಪೆನ್ನಿಯ ದಾರಿಯನ್ನು ನೋಡಬೇಕು. 1599ರ ಸೆಪ್ಟೆಂಬರಿನಲ್ಲಿ ಜೂಲಿಯಸ್ ಸೀಸರ್ ನಾಟಕ ನೋಡಿದ ಸ್ವಿಸ್ ಪ್ರವಾಸಿ ಥಾಮಸ್ ಪ್ಲಾಟರ್ ಇದನ್ನು ಸ್ಪಷ್ಟವಾಗಿ ಬರೆದಿಟ್ಟಿದ್ದಾನೆ. ಬಾಗಿಲಲ್ಲಿ ಒಂದು ಪೆನ್ನಿ ಕೊಟ್ಟರೆ ಅಂಗಳದಲ್ಲಿ ನಿಲ್ಲಬಹುದು. ಕುಳಿತು ನೋಡಬೇಕೆಂದರೆ ಇನ್ನೊಂದು ಬಾಗಿಲು, ಇನ್ನೊಂದು ಪೆನ್ನಿ. ಮೆತ್ತೆಯ ಮೇಲೆ ಕುಳಿತು, ತಾನೂ ನೋಡಿ ಪರರಿಗೂ ಕಾಣಬೇಕೆಂದರೆ ಮೂರನೆಯದು. ಕಟ್ಟಡದ ಕೂಲಿಯಾಳಿಗೆ ಆಗ ದಿನಕ್ಕೆ ಸುಮಾರು 10 ಪೆನ್ನಿ. ಹಣ ಹಾಕಿಸಿಕೊಳ್ಳಲು ಇಟ್ಟದ್ದು ಸೀಳುಬಾಯಿಯ ಸಣ್ಣ ಮಣ್ಣಿನ ಹುಂಡಿ, ಒಡೆಯದೆ ತೆಗೆಯುವಂತಿಲ್ಲ. ರೋಸ್‌ನ ಉತ್ಖನನದಲ್ಲಿ ಅವುಗಳ ಚೂರುಗಳು ಸಿಕ್ಕಿವೆ. ಹುಂಡಿ ಯಾಕೆ ಬೇಕಿತ್ತು ಎನ್ನುವುದಕ್ಕೆ ಥಿಯೇಟರಿನ ವ್ಯಾಜ್ಯವೇ ಉತ್ತರ: ಪಾಲಿನ ಪೆಟ್ಟಿಗೆಗೆ ಜೇಮ್ಸ್ ಬರ್ಬೇಜ್ ಕಳ್ಳ ಬೀಗದಕೈ ಮಾಡಿಸಿದ್ದ, ಹಣವನ್ನು ಅಂಗಿಯೊಳಗೆ ಇಳಿಬಿಡುತ್ತಿದ್ದ ಎಂದು ಎದುರು ಪಕ್ಷದ ಸಾಕ್ಷಿ ಹೇಳುತ್ತಾನೆ. ಎದುರು ಪಕ್ಷದ ಮಾತು, ಅರ್ಧ ನಂಬಿದರೆ ಸಾಕು. ಆದರೆ ಇಂಥ ಆರೋಪ ಕೇಳಿದವರಿಗೆ ಅಸಂಭವ ಅನ್ನಿಸಿರಲಿಲ್ಲ ಎನ್ನುವುದಂತೂ ನಿಜ.

ವಸೂಲಾದದ್ದನ್ನು ಹಂಚುವ ಕ್ರಮವೂ ನಿಗದಿಯಾಗಿತ್ತು. ಅಂಗಳದ ಪೆನ್ನಿ ನಟರಿಗೆ. ಉಪ್ಪರಿಗೆಯ ಹಣದಲ್ಲಿ ಸಾಮಾನ್ಯವಾಗಿ ಅರ್ಧ ಕಟ್ಟಡದ ಒಡೆಯನಿಗೆ. ಮೇಳದೊಳಗೆ ಪಾಲುದಾರ ನಟರು, ವಾರದ ಸಂಬಳದ ಆಳುಗಳು, ಹೆಂಗಸರ ಪಾತ್ರ ಮಾಡುವ ಹುಡುಗರು ಎಂದು ಮೂರು ಮೆಟ್ಟಿಲು.

ರೋಸ್‌ನ ಒಡೆಯ ಫಿಲಿಪ್ ಹೆನ್ಸ್ಲೊ ಬರೆದಿಟ್ಟ ಲೆಕ್ಕದ ಪುಸ್ತಕ ಇಲ್ಲದಿದ್ದರೆ ಈ ಯಂತ್ರದ ವೇಗ ನಮಗೆ ಅಂದಾಜಾಗುತ್ತಿರಲಿಲ್ಲ. 1594–95ರ ಒಂದೇ ಹಂಗಾಮಿನಲ್ಲಿ, ರೋಸ್‌ನಲ್ಲಿ ಆಡುತ್ತಿದ್ದ ಅಡ್ಮಿರಲ್ ಮೇಳ ವಾರಕ್ಕೆ ಆರು ದಿನ ಆಡಿದೆ. ಒಟ್ಟು 38 ನಾಟಕ, ಅದರಲ್ಲಿ 21 ಹೊಸತು. ಇಂದು ಆಡಿದ್ದನ್ನು ನಾಳೆ ಆಡುವಂತಿಲ್ಲ. ಹಾಗಿದ್ದರೆ ತಾಲೀಮು ಯಾವಾಗ? ನಟನ ಕೈಗೆ ಪೂರ್ತಿ ನಾಟಕ ಸಿಗುತ್ತಲೇ ಇರಲಿಲ್ಲ. ಅವನ ಮಾತುಗಳು, ಅದಕ್ಕೆ ಮುಂಚಿನ ನಟನ ಕೊನೆಯ ಎರಡು ಮೂರು ಪದಗಳು, ಇಷ್ಟನ್ನೇ ಕಾಗದದ ಪಟ್ಟಿಗಳಲ್ಲಿ ಬರೆದು ಅಂಟಿಸಿ ಸುರುಳಿ ಮಾಡಿ ಕೊಡುತ್ತಿದ್ದರು. ಎಡ್ವರ್ಡ್ ಆಲಿನ್ ಎಂಬ ಮಹಾನಟ ಆರ್ಲ್ಯಾಂಡೊ ಪಾತ್ರಕ್ಕೆ ಬಳಸಿದ ಸುರುಳಿ ಅವನೇ ಸ್ಥಾಪಿಸಿದ ಡಲಿಚ್ ಕಾಲೇಜಿನಲ್ಲಿ ಉಳಿದಿದೆ. ಯಾರು ಯಾವಾಗ ಪ್ರವೇಶಿಸಬೇಕೆಂಬ ಪಟ್ಟಿಯನ್ನು ನೇಪಥ್ಯದಲ್ಲಿ ಹಲಗೆಗೆ ತೂಗುಹಾಕುತ್ತಿದ್ದರು. ಮಧ್ಯಾಹ್ನ ಎರಡರ ಸುಮಾರಿಗೆ ಬಾವುಟ, ತುತ್ತೂರಿ, ನಾಟಕ ಶುರು.

ಇದೇ ಪುಸ್ತಕದಲ್ಲಿ ನನಗೆ ಅತ್ಯಂತ ಮಾತಾಡುವ ಲೆಕ್ಕವೆಂದರೆ ಥಾಮಸ್ ಹೇವುಡ್‌ನ ಒಂದು ನಾಟಕದ್ದು. ನಾಟಕ ಬರೆದವನಿಗೆ 6 ಪೌಂಡ್. ಅದರ ನಾಯಕಿಗೆ ಕಪ್ಪು ಮಖಮಲ್ಲಿನ ಗೌನಿಗೆ 6 ಪೌಂಡ್ 13 ಶಿಲಿಂಗ್. ಕವಿಗಳು ಬರುತ್ತಿದ್ದರು ಹೋಗುತ್ತಿದ್ದರು, ಮಖಮಲ್ಲು ಮೇಳದ ಸ್ಥಿರಾಸ್ತಿ. 1598ರ ಸಾಮಾನು ಪಟ್ಟಿಯಲ್ಲಿ ಒಂದು ಬಂಡೆ, ಒಂದು ಗೋರಿ, ಒಂದು ನರಕದ ಬಾಯಿ, ರೋಮ್ ನಗರವೂ ಒಂದು, ಎಲ್ಲ ನಮೂದಾಗಿವೆ. ಅದೃಶ್ಯನಾಗಲು ತೊಡುವ ನಿಲುವಂಗಿಗೂ ಹೆನ್ಸ್ಲೊ ಹಣ ಕೊಟ್ಟಿದ್ದಾನೆ. ಅದನ್ನು ತೊಟ್ಟವನು ಕಾಣಿಸುವುದಿಲ್ಲ ಎಂದು ಹಾಡುಹಗಲಿನಲ್ಲಿ ಸಾವಿರಾರು ಜನ ಒಪ್ಪಿಕೊಳ್ಳುತ್ತಿದ್ದರು.

ಕನ್ನಡದ ಓದುಗರಲ್ಲಿ ಬಹಳ ಮಂದಿಗೆ ಶೇಕ್ಸ್‌ಪಿಯರ್ ಪರಿಚಯವಾದದ್ದು ಪಠ್ಯಪುಸ್ತಕದಲ್ಲಿ, ಇಲ್ಲವೇ ಚೌಕಟ್ಟು ಕಟ್ಟಿ ಪರದೆ ಎಳೆಯುವ ರಂಗದ ಮೇಲೆ. ಆ ಚಿತ್ರವನ್ನು ಇಲ್ಲಿ ಮರೆಯಬೇಕು. ಎದುರು ಪರದೆಯಿಲ್ಲ, ದೀಪವಿಲ್ಲ. ರಂಗ ಅಂಗಳದ ನಡುವಿನವರೆಗೆ ಚಾಚಿಕೊಂಡಿದೆ. ಮೂರು ಕಡೆ ಜನ. ಹಿಂದೆ ನೇಪಥ್ಯದ ಗೋಡೆ, ಅದರಲ್ಲಿ ಬಾಗಿಲು, ಮೇಲೊಂದು ಮೊಗಸಾಲೆ. ರಂಗದ ನೆಲದಲ್ಲಿ ಕಿಂಡಿ. ಕೆಳಗಿನ ಕತ್ತಲು ನರಕ. ಕಂಬಗಳ ಮೇಲೆ ನಿಂತ ಚಾವಣಿಗೆ ಸ್ವರ್ಗವೆಂದು ಹೆಸರು. ಹೆಣ ಬಿದ್ದರೆ ಪರದೆ ಬೀಳಿಸಿ ಮುಚ್ಚುವಂತಿಲ್ಲ, ಯಾರಾದರೂ ಹೊತ್ತೊಯ್ಯಲೇಬೇಕು. ಹ್ಯಾಮ್ಲೆಟ್‌ನ ಕೊನೆಯಲ್ಲಿ ನಾಲ್ವರು ನಾಯಕರಿಗೆ ಆ ಕೆಲಸ ಬೀಳುವುದು ಇದೇ ಕಾರಣಕ್ಕೆ.

ಈ ವಿವರಗಳ ಮೂಲಗಳು ಒಂದಕ್ಕೊಂದು ಹೊಂದುವುದಿಲ್ಲ. ಒಳನೋಟದ ಆ ಕಾಲದ ಒಂದೇ ಚಿತ್ರ ಸ್ವಾನ್‌ನದು: 1596ರ ಸುಮಾರಿಗೆ ಯೊಹಾನೆಸ್ ಡಿ ವಿಟ್ ಎಂಬ ಡಚ್ಚಿನವ ಬರೆದದ್ದರ ನಕಲು, ಅವನ ಸ್ನೇಹಿತ ಮಾಡಿಕೊಂಡದ್ದು, 1888ರಲ್ಲಿ ಯುಟ್ರೆಕ್ಟ್‌ನಲ್ಲಿ ಸಿಕ್ಕಿತು. ಅದರಲ್ಲಿ ಅಂಗಳ ಖಾಲಿ. ಆದರೆ ಕಟ್ಟಡ 3000 ಜನರನ್ನು ಹಿಡಿಯುತ್ತದೆ ಎಂದು ಬರಹ. ಬಾಗಿಲು ಎರಡೇ, ನಾಟಕಗಳು ಬೇಡುವ ನಡುವಿನ ಗುಪ್ತ ಸ್ಥಳವಿಲ್ಲ. ಇನ್ನೊಂದು ಮುಖ್ಯ ದಾಖಲೆ, 1600ರ ಜನವರಿಯಲ್ಲಿ ಹೆನ್ಸ್ಲೊ ಮತ್ತು ಆಲಿನ್ ಫಾರ್ಚ್ಯೂನ್ ನಾಟಕಶಾಲೆಗಾಗಿ ಬಡಗಿ ಪೀಟರ್ ಸ್ಟ್ರೀಟ್‌ನೊಂದಿಗೆ ಮಾಡಿಕೊಂಡ ಕರಾರು. ಹೊರಗೆ 80 ಅಡಿಯ ಚೌಕ, ಒಳಗೆ 55. ರಂಗದ ಅಗಲ 43 ಅಡಿ. ಮೂರು ಅಂತಸ್ತಿನ ಎತ್ತರ 12, 11, 9 ಅಡಿ. ಒಟ್ಟು 440 ಪೌಂಡ್. ಇಷ್ಟು ಕರಾರುವಾಕ್ಕಾದ ಪತ್ರ ರಂಗದ ರಚನೆಯ ಹತ್ತಿರ ಬಂದಾಗ ಲಗತ್ತಿಸಿದ ನಕ್ಷೆಯನ್ನು ನೋಡಿ ಎನ್ನುತ್ತದೆ, ನಕ್ಷೆ ಕಳೆದುಹೋಗಿದೆ. ಉಳಿದದ್ದೆಲ್ಲ ಗ್ಲೋಬ್‌ನಲ್ಲಿ ಇದ್ದಂತೆ ಇರಲಿ ಎಂದಿದೆ. ಸ್ಟ್ರೀಟ್‌ಗೆ ಅಷ್ಟು ಹೇಳಿದರೆ ಸಾಕಾಗಿತ್ತು, ಗ್ಲೋಬ್ ಕಟ್ಟಿದವನೇ ಅವನು.

ಅದನ್ನು ಅವನು ಕಟ್ಟಿದ ಬಗೆ ಈ ಚರಿತ್ರೆಯ ನಡುಗಂಬ. ಥಿಯೇಟರಿನ ಗುತ್ತಿಗೆ 1597ರ ಏಪ್ರಿಲಿಗೆ ಮುಗಿಯುವುದಿತ್ತು. ಜೇಮ್ಸ್ ಬರ್ಬೇಜ್ ಮುಂದಾಲೋಚನೆಯಿಂದ 1596ರಲ್ಲೇ ನಗರದ ಗೋಡೆಯೊಳಗಿನ ಬ್ಲ್ಯಾಕ್‌ಫ್ರಯರ್ಸ್ ಮಠದ ಭಾಗವೊಂದನ್ನು 600 ಪೌಂಡಿಗೆ ಕೊಂಡು, ಮಾಡು ಹೊದೆಸಿದ ನಾಟಕಶಾಲೆ ಮಾಡಿಸಿದ. ಅಕ್ಕಪಕ್ಕದ ಗಣ್ಯರು ಗದ್ದಲವಾಗುತ್ತದೆಂದು ಅರ್ಜಿ ಹಾಕಿ ತಡೆದರು. ಸಹಿ ಹಾಕಿದವರಲ್ಲಿ ರಿಚರ್ಡ್‌ನ ಮೇಳದ ಅಂದಿನ ಆಶ್ರಯದಾತ ಹನ್ಸ್‌ಡನ್ ಪ್ರಭುವೂ ಇದ್ದ! ನಾಟಕ ಬೇಕು, ಮನೆಯ ಪಕ್ಕ ಬೇಡ. ಹಣ ಅಲ್ಲಿ ಸಿಕ್ಕಿಹಾಕಿಕೊಂಡಿತು. 1597ರ ಫೆಬ್ರವರಿಯಲ್ಲಿ ಜೇಮ್ಸ್ ತೀರಿಕೊಂಡ. ಮಕ್ಕಳಾದ ಕತ್ಬರ್ಟ್ ಮತ್ತು ರಿಚರ್ಡ್ ಪಾಲಿಗೆ ಬಂದದ್ದು ಆಡಲಾಗದ ಒಂದು ಕಟ್ಟಡ, ನೆಲದ ಒಡೆಯ ಗುತ್ತಿಗೆ ನವೀಕರಿಸದ ಇನ್ನೊಂದು.

ಹಳೆಯ ಗುತ್ತಿಗೆಯಲ್ಲಿ, ಕೆಲವು ಷರತ್ತು ಪೂರೈಸಿದರೆ ಕಟ್ಟಡವನ್ನು ಬಿಚ್ಚಿಕೊಂಡು ಹೋಗಬಹುದೆಂಬ ಸಾಲಿತ್ತು. 1598ರ ಡಿಸೆಂಬರ್ 28ರಂದು, ಅಲೆನ್ ಊರಲ್ಲಿಲ್ಲದ ಹೊತ್ತಿಗೆ, ಅಣ್ಣತಮ್ಮಂದಿರು ಸ್ಟ್ರೀಟ್‌ನನ್ನೂ ಹತ್ತು ಹನ್ನೆರಡು ಆಳುಗಳನ್ನೂ ಕರೆತಂದು ಥಿಯೇಟರನ್ನು ಬಿಚ್ಚತೊಡಗಿದರು. ಓಕ್ ಮರದ ಚೌಕಟ್ಟುಗಳನ್ನು ಗೂಟ ಬಡಿದು ಜೋಡಿಸುವ ಕಟ್ಟಡವಾದ್ದರಿಂದ ಅದು ಸಾಧ್ಯವಾಯಿತು. ಗೂಟ ಕಿತ್ತರೆ ತೊಲೆ ತೊಲೆಯಾಗಿ ಬರುತ್ತದೆ. ಅಲೆನ್ 800 ಪೌಂಡ್ ನಷ್ಟದ ಮೊಕದ್ದಮೆ ಹೂಡಿದ. ಅದರಲ್ಲಿ ತುಳಿದು ಹಾಳು ಮಾಡಿದ ಹುಲ್ಲಿಗೆಂದು 40 ಶಿಲಿಂಗ್ ಬೇರೆ!

ಆ ತೊಲೆಗಳೇ ನದಿಯಾಚೆ 1599ರಲ್ಲಿ ಗ್ಲೋಬ್ ಆದವು. ಮರಮುಟ್ಟು ಇದ್ದರೂ ಕೈಯಲ್ಲಿ ನಗದಿಲ್ಲ. ಹೀಗಾಗಿ ಬರ್ಬೇಜರು ಅರ್ಧ ಮಾತ್ರ ಇಟ್ಟುಕೊಂಡು, ಇನ್ನರ್ಧವನ್ನು ಮೇಳದ ಐವರಿಗೆ ಹಂಚಿದರು: ಶೇಕ್ಸ್‌ಪಿಯರ್, ಹೆಮಿಂಗ್ಸ್, ಫಿಲಿಪ್ಸ್, ಪೋಪ್, ಕೆಂಪ್. ತಲಾ ಹತ್ತನೆಯ ಒಂದು ಪಾಲು. ನಟರೇ ನಾಟಕಶಾಲೆಯ ಒಡೆಯರಾದರು. ಇದನ್ನು ಕಲಾವಿದರ ಸಹಕಾರವೆಂದು ಹೊಗಳುವವರಿದ್ದಾರೆ; ನನ್ನ ಅಭಿಪ್ರಾಯದಲ್ಲಿ ಸಾಲ ಹುಟ್ಟದವನು ಪಾಲು ಮಾರುವ ಹಳೆಯ ವ್ಯವಹಾರವೇ ಇದು. ಪರಿಣಾಮ ಮಾತ್ರ ದೊಡ್ಡದು. ಹೇವುಡ್‌ನಂಥ ಕವಿ 6 ಪೌಂಡ್ ಪಡೆದು ಮನೆಗೆ ಹೋಗುವಾಗ, ಶೇಕ್ಸ್‌ಪಿಯರ್‌ಗೆ ಉಪ್ಪರಿಗೆಯ ಪೆನ್ನಿಯಲ್ಲೂ ಪಾಲಿತ್ತು.

ಬಡತನದ ಇನ್ನೊಂದು ಗುರುತು ಮಾಡಿನ ಮೇಲಿತ್ತು. ಹೆಂಚಿಗೆ ಬದಲು ಹುಲ್ಲು ಹೊದೆಸಿದ್ದರು. 1613ರ ಜೂನ್ 29ರಂದು ಎಂಟನೆಯ ಹೆನ್ರಿಯ ನಾಟಕದ ನಡುವೆ ಹಾರಿಸಿದ ಫಿರಂಗಿಯ ಕಿಡಿ ಆ ಹುಲ್ಲಿಗೆ ತಗುಲಿ ಗ್ಲೋಬ್ ಬೂದಿಯಾಯಿತು. ಒಬ್ಬನ ಚಡ್ಡಿಗೆ ಹತ್ತಿದ ಬೆಂಕಿಯನ್ನು ಬಾಟಲಿಯ ಬಿಯರಿನಿಂದ ಆರಿಸಿದರೆಂದು ಹೆನ್ರಿ ವಾಟನ್ ಎಂಬ ಸಮಕಾಲೀನ ತನ್ನ ಪತ್ರದಲ್ಲಿ ಬರೆದಿದ್ದಾನೆ. ಮರುವರ್ಷ ಕಟ್ಟಿದ ಎರಡನೆಯ ಗ್ಲೋಬ್‌ಗೆ ಹೆಂಚು ಬಂತು.

ಕಾಗದದ ಸಾಕ್ಷ್ಯವನ್ನು ನೆಲ ತಿದ್ದಿದ್ದು 1989ರಿಂದ ಈಚೆಗೆ. ಆ ವರ್ಷ ಕಚೇರಿ ಕಟ್ಟಡಕ್ಕಾಗಿ ಅಗೆದಾಗ ರೋಸ್‌ನ ಅಡಿಪಾಯ ಸಿಕ್ಕಿತು: 14 ಮೂಲೆಗಳು, ಅಡ್ಡಳತೆ 22 ಮೀಟರಿನ ಆಸುಪಾಸು, ರಂಗದ ಕಡೆಗೆ ಇಳಿಜಾರಾದ ಅಂಗಳ. 1592ರಲ್ಲಿ ಹೆನ್ಸ್ಲೊ ಬರೆದಿದ್ದ ನೂರು ಪೌಂಡಿಗೂ ಮೀರಿದ ಖರ್ಚನ್ನು ವಿದ್ವಾಂಸರು ದುರಸ್ತಿಯ ಲೆಕ್ಕವೆಂದೇ ಓದಿದ್ದರು. ರಂಗವನ್ನೇ ಹಿಂದಕ್ಕೆ ಸರಿಸಿ ಕಟ್ಟಡವನ್ನು ಹಿಗ್ಗಿಸಿದ್ದು ಅಡಿಪಾಯದಲ್ಲಿ ಕಂಡಿತು. ನೆಲದ ತುಂಬ ಹೇಝಲ್ ಕಾಯಿಯ ಸಿಪ್ಪೆ. ಪ್ರೇಕ್ಷಕರು ತಿಂದು ಉಗುಳಿದ್ದೆಂದು ಮೊದಲು ಸಂಭ್ರಮಪಟ್ಟರು; ಬೂದಿಯೊಡನೆ ಬೆರೆಸಿ ನೆಲ ಗಟ್ಟಿ ಮಾಡಲು ಹಾಕಿದ್ದೆಂಬ ವಾದವೇ ನನಗೆ ಹೆಚ್ಚು ಸರಿ ಎನಿಸುತ್ತದೆ. 2016ರಲ್ಲಿ ಕರ್ಟನ್ ಅಗೆದಾಗ ಇನ್ನೂ ದೊಡ್ಡ ಆಶ್ಚರ್ಯ. ಐದನೆಯ ಹೆನ್ರಿ ನಾಟಕದ ಪೀಠಿಕೆಯಲ್ಲಿ ಬರುವ ದುಂಡನೆಯ ಮರದ ಕಟ್ಟಡ ಇದೇ ಎಂದು ಹಲವರು ನಂಬಿದ್ದರು, ಕರ್ಟನ್ ಆಯತಾಕಾರದ್ದಾಗಿತ್ತು.

ರೋಸ್‌ನ ಮೇಲೆ ಕಚೇರಿ ಕಟ್ಟಡ ಎದ್ದೇ ಎದ್ದಿತು, ನಟರ ಪ್ರತಿಭಟನೆಯ ಫಲವಾಗಿ ಅಡಿಪಾಯಕ್ಕೆ ಧಕ್ಕೆಯಾಗದಂತೆ. ಮರ ಒಣಗಿ ಸೀಳದಿರಲೆಂದು ಅವಶೇಷಗಳನ್ನು ಮರಳು ಮತ್ತು ನೀರಿನಡಿ ಮುಚ್ಚಿಟ್ಟಿದ್ದಾರೆ. ಕಟ್ಟಡದ ನೆಲಮಾಳಿಗೆಗೆ ಹೋದವರಿಗೆ ಕಾಣುವುದು ಕಪ್ಪು ನೀರು, ಅದರ ಮೇಲೆ ಹೆನ್ಸ್ಲೊನ ರಂಗದ ಅಂಚನ್ನು ತೋರಿಸುವ ಕೆಂಪು ದೀಪಗಳ ಗೆರೆ.