ಫ್ಯಾನಿನ ಲೆಕ್ಕ ಬರೆದವರಿಲ್ಲ

ನ್ಯಾಮತಿಯಲ್ಲಿ ಕೂತವನಿಗೆ ಸಮುದ್ರದ ಬೋಟಿನ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ನನಗೂ ಸಮುದ್ರಕ್ಕೂ ನಂಟು ಹಾಕಿದ್ದು ಲಾರಿ. ಅಡಿಕೆ ಹೇರಿಕೊಂಡು ಘಟ್ಟ ಇಳಿಯುತ್ತಿದ್ದ ಲೇಲ್ಯಾಂಡ್ ಕಾಮೆಟ್‌ಗಳ ಎಂಜಿನ್ ಬಿಚ್ಚುತ್ತ ಕೆಲಸ ಕಲಿತವನು, ಅದೇ ಎಂಜಿನನ್ನು ಮಲ್ಪೆಯ ದಕ್ಕೆಯಲ್ಲಿ ಕಂಡು ಅಲ್ಲೇ ಮೂವತ್ತು ವರ್ಷ ಉಳಿದೆ. ಮೊನ್ನೆ ಅಕ್ಕನ ಮೊಮ್ಮಗ ಮೊಬೈಲಿನಲ್ಲಿ ನೀರಿನ ಮೇಲೆ ಹಾರುವ ಯಾವುದೋ ವಿದೇಶಿ ಬೋಟು ತೋರಿಸಿ, "ತಾತ, ಮಲ್ಪೆ ಬೋಟಿಗೂ ಇಂಥ ಎಂಜಿನ್ ಹಾಕಿದ್ರೆ ಹಿಂಗೇ ಓಡುತ್ತಾ?" ಎಂದ. ಅವನು ಹುಡುಗ, ಕೇಳಲಿ. ಆದರೆ ಕರಾವಳಿಯ ಮೀನುಗಾರಿಕೆಯ ಬಗ್ಗೆ ಬರುವ ಲೇಖನಗಳೂ ಇದೇ ಧಾಟಿಯವು. ಅಂದು ಇಷ್ಟು ಎಚ್‌ಪಿ ಇತ್ತು, ಇಂದು ಇಷ್ಟಾಗಿದೆ, ಪ್ರಗತಿಯಾಯಿತು, ಅಷ್ಟೇ. ಫ್ಯಾನಿನ ಸುದ್ದಿಯೇ ಇಲ್ಲ. ಪ್ರೊಪೆಲ್ಲರಿಗೆ ದಕ್ಕೆಯಲ್ಲಿ ಹಾಗೇ ಹೆಸರು.

ಹಾಯಿ, ಹುಟ್ಟುಗಳ ಕಾಲವನ್ನು ಬಲ್ಲವರು ಬರೆದಿದ್ದಾರೆ. 1950ರ ದಶಕದಲ್ಲಿ ಕೇರಳದಲ್ಲಿ ಶುರುವಾದ ಇಂಡೋ-ನಾರ್ವೇಜಿಯನ್ ಯೋಜನೆ ಮುಂದಿನ ದಶಕದಲ್ಲಿ ಕಾರವಾರಕ್ಕೂ ಬಂತು. 1957ರಲ್ಲಿ ಕೊಚ್ಚಿಯಲ್ಲಿ ಹುಟ್ಟಿದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸಣ್ಣ ಬೋಟುಗಳ ನಕ್ಷೆ ಮಾಡಿಕೊಟ್ಟಿತು. ಎಂಜಿನ್, ಗೇರು, ಫ್ಯಾನು ಎಲ್ಲವೂ ನಕ್ಷೆಯ ಪ್ರಕಾರವೇ ಕೂರುತ್ತಿದ್ದ ಕಾಲ ಅದು.

ನಿಜವಾದ ಕಥೆ ಶುರುವಾಗುವುದು ಲಾರಿ ಎಂಜಿನ್ ಕಡಲಿಗೆ ಇಳಿದಾಗ. ಮಲ್ಪೆಯಲ್ಲಿ ಇಂದಿಗೂ 'ತ್ರಿಸೆವೆಂಟಿ ಬೋಟ್' ಎನ್ನುತ್ತಾರೆ. 370 ಎಂದರೆ ಲೇಲ್ಯಾಂಡ್ ಎಂಜಿನಿನ ಸಿಲಿಂಡರುಗಳ ಒಟ್ಟು ಅಳತೆ, ಘನ ಇಂಚುಗಳಲ್ಲಿ. ಬಿಡಿಭಾಗ ಯಾವ ಊರಲ್ಲೂ ಸಿಗುತ್ತಿತ್ತು, ರಿಪೇರಿ ಬಲ್ಲವರು ಎಲ್ಲೆಲ್ಲೂ ಇದ್ದರು. ಆದರೆ ಲಾರಿಯ ಎಂಜಿನನ್ನು ಹಾಗೇ ತಂದು ಬೋಟಿನಲ್ಲಿ ಕೂರಿಸಲಾಗದು. ಎದುರುಗಾಳಿ ಇಲ್ಲದ ಕಡೆ ರೇಡಿಯೇಟರ್ ಕೆಲಸಕ್ಕೆ ಬಾರದು, ಕಡಲ ನೀರಿನಿಂದಲೇ ತಂಪು ಮಾಡಬೇಕು. ಲಾರಿಯ ಗೇರ್‌ಬಾಕ್ಸ್ ತೆಗೆದು, ಮುಂದೆ-ಹಿಂದೆ ಓಡಿಸುವ, ಸುತ್ತು ಇಳಿಸುವ ಮರೀನ್ ಗೇರ್ ಹಾಕಬೇಕು. ಎಂಜಿನ್ ನಿಮಿಷಕ್ಕೆ 1800 ಸುತ್ತು ಓಡಿ ಗೇರು ಮೂರಕ್ಕೊಂದು ಇಳಿಸಿದರೆ ಫ್ಯಾನು 600 ಸುತ್ತು ತಿರುಗುತ್ತದೆ. ಪಿಚ್ 24 ಇಂಚು, ಅಂದರೆ ಒಂದು ಸುತ್ತಿಗೆ ಎರಡು ಅಡಿ ಮುಂದೆ ಹೋಗಬೇಕು. ಕಾಗದದ ಮೇಲೆ ಇದು ಸುಮಾರು 12 ನಾಟ್. ನೀರು ಮರವಲ್ಲ, ಫ್ಯಾನು ಸ್ಕ್ರೂ ಅಲ್ಲ. ನೂರಕ್ಕೆ ನಲವತ್ತು ಜಾರಿತೆಂದರೆ ಉಳಿಯುವುದು ಏಳು.

ನಮ್ಮ ತಲೆಮಾರಿನ ಮಿಸ್ತ್ರಿಗಳು ಈ ಲೆಕ್ಕವನ್ನು ಹೊಗೆ ನೋಡಿ ಮಾಡುತ್ತಿದ್ದರು. ಒಮ್ಮೆ ಹೊಸ ಎಂಜಿನ್ ಹಾಕಿಸಿದ ಮಾಲೀಕರೊಬ್ಬರು ಪಕ್ಕದ ಬೋಟಿನ ಅಳತೆ ನೋಡಿ ಫ್ಯಾನು ತರಿಸಿದ್ದರು. ಅಳಿವೆ ದಾಟಿ ಪೂರ್ತಿ ಕೊಟ್ಟರೂ ಎಂಜಿನ್ 1500ಕ್ಕೆ ನಿಂತಿತು, ಕೊಳವೆಯಲ್ಲಿ ಕಪ್ಪು ಹೊಗೆ. ಮಾಲೀಕರು ಡೀಸೆಲ್ ಪಂಪನ್ನು ಬೈದರು, ಆಮೇಲೆ ನನ್ನನ್ನು. ಹಿರಿಯ ಮಿಸ್ತ್ರಿ ಬೋಟನ್ನು ದಡಕ್ಕೆ ಎಳೆಸಿ, ಫ್ಯಾನಿನ ರೆಕ್ಕೆಯ ಅಂಚಿನ ಮೇಲೆ ಅಂಗೈ ಆಡಿಸಿ, "ಎರಡು ಇಂಚು ಪಿಚ್ ಇಳಿಸಿ" ಎಂದಷ್ಟೇ ಹೇಳಿದರು. ರೆಕ್ಕೆಗಳನ್ನು ಕಾಯಿಸಿ ಬಡಿದು ತಂದೆವು. ಮರುದಿನ 1750. ಹೊಗೆ ತಿಳಿಯಾಗಿತ್ತು. ಎಂಜಿನಿಗೆ ಯಾರೂ ಸ್ಪ್ಯಾನರ್ ಹಚ್ಚಿರಲಿಲ್ಲ.

ಟ್ರಾಲ್ ಬೋಟಿಗೆ ಎರಡು ಕೆಲಸ: ಮೀನಿರುವ ಕಡೆ ಓಡಬೇಕು, ಅಲ್ಲಿ ಮೂರು ನಾಟಿನಲ್ಲಿ ಬಲೆ ಎಳೆಯಬೇಕು. ಓಟಕ್ಕೆ ಹೆಚ್ಚು ಪಿಚ್ ಬೇಕು, ಎಳೆತಕ್ಕೆ ಅಗಲ ಫ್ಯಾನು, ಕಡಿಮೆ ಪಿಚ್. ಒಂದೇ ಫ್ಯಾನು ಎರಡನ್ನೂ ಪೂರ್ತಿ ಮಾಡದು. 1970ರ ದಶಕದ ನಡುವೆ ಬಂದ ಪರ್ಸೀನ್ ಬೋಟಿಗಂತೂ ಮೀನಿನ ಹಿಂಡನ್ನು ಸುತ್ತುವ ವೇಗವೇ ಪ್ರಾಣ. ಈ ವ್ಯತ್ಯಾಸ ಬಲ್ಲ ತಾಂಡೇಲರು, ಅಂದರೆ ಬೋಟು ನಡೆಸುವವರು, ಪರ್ಸೀನಿನ ಫ್ಯಾನನ್ನು ಟ್ರಾಲಿಗೆ ಹಾಕಿಸುತ್ತಿರಲಿಲ್ಲ.

ನಾಡದೋಣಿಗೆ 1980ರ ದಶಕದಲ್ಲಿ ಸೀಮೆಎಣ್ಣೆಯ ಔಟ್‌ಬೋರ್ಡ್ ಬಂತು. ಅಲ್ಲಿ ಗೇರು, ಫ್ಯಾನು ಎರಡೂ ಎಂಜಿನಿನ ಕಾಲಿನಲ್ಲೇ. ಕಾಲು ನಾಲ್ಕು ಬೆರಳು ಮೇಲಾದರೆ ಫ್ಯಾನು ಗಾಳಿ ಕುಡಿದು ಎಂಜಿನ್ ಕಿರುಚುತ್ತದೆ, ದೋಣಿ ಕದಲುವುದಿಲ್ಲ. ಈ ಎಂಜಿನ್‌ಗಳನ್ನು ಪೆಟ್ರೋಲ್, ಡೀಸೆಲ್‌ಗೆ ಬದಲಿಸಲು ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ ತಲಾ 50,000 ರೂಪಾಯಿ ಸಹಾಯಧನ ಘೋಷಿಸಿತು. ಒಳ್ಳೆಯದೇ. ಎತ್ತರ ನೋಡಿ ಕೂರಿಸಿಕೊಡುವವನಿಗೂ ಅದರಲ್ಲಿ ಒಂದು ಪಾಲು ಇಡಬಹುದಿತ್ತು.

ಈಗ ಚೀನಾ ಎಂಜಿನ್‌ಗಳ ಕಾಲ. ಮುನ್ನೂರು, ನಾನೂರು ಎಚ್‌ಪಿ ದೊಡ್ಡ ಮಾತಲ್ಲ. ಎಳೆತ ಹೆಚ್ಚಿತು, ದೊಡ್ಡ ಬಲೆ ಬಂತು, ಒಪ್ಪುತ್ತೇನೆ. ಓಟ? ನೀರನ್ನು ಸೀಳಿಕೊಂಡು ಹೋಗುವ ಬೋಟಿಗೆ ನೀರುಗೆರೆಯ ಉದ್ದವೇ ಮಿತಿ. 60 ಅಡಿಗೆ ಸುಮಾರು ಹತ್ತೂವರೆ ನಾಟ್. ಎಂಟರಿಂದ ಹತ್ತಕ್ಕೆ ಏರಿಸಲೇ ಹೆಚ್ಚುಕಡಿಮೆ ಇಮ್ಮಡಿ ಶಕ್ತಿ ಬೇಕು. ಆಮೇಲೆ ಸುರಿದ ಡೀಸೆಲೆಲ್ಲ ಅಲೆ ಎಬ್ಬಿಸುವುದಕ್ಕೇ. ಮೊಮ್ಮಗ ತೋರಿಸಿದ ಬೋಟು ನೀರಿನ ಮೇಲೆದ್ದು ಜಾರುವಂಥದು, ಹೊಟ್ಟೆಯಲ್ಲಿ ಹತ್ತು ದಿನದ ಐಸು, ಡೀಸೆಲ್, ಬಲೆ ಇಲ್ಲ. ಅಂಥ ಬೋಟುಗಳ ಸ್ಟರ್ನ್ ಡ್ರೈವನ್ನು (ಎಂಜಿನ್ ಒಳಗೆ, ಫ್ಯಾನಿನ ಕಾಲು ಹಿಂಬದಿಯ ಹೊರಗೆ) ವೋಲ್ವೋ ಪೆಂಟಾ 1959ರಲ್ಲಿ ಮಾರುಕಟ್ಟೆಗೆ ತಂದಿತು. 1982ರಲ್ಲಿ ಅದನ್ನೇ ಸುಧಾರಿಸಿದ್ದು ಎದುರುಬದುರು ತಿರುಗುವ ಎರಡು ಫ್ಯಾನು ಜೋಡಿಸಿ. ಅವರೂ ಕೈ ಹಾಕಿದ್ದು ಫ್ಯಾನಿಗೇ.

ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ. ಮಲ್ಪೆಯಲ್ಲೇ ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಟಗ್‌ಗಳನ್ನು ಕಟ್ಟುತ್ತಿದೆ. ಟಗ್ಗಿನ ಫ್ಯಾನಿನ ಲೆಕ್ಕ ನಕ್ಷೆಯ ಹಂತದಲ್ಲೇ ಮುಗಿಯುತ್ತದೆ. ಕೂಗಳತೆ ದೂರದ ದಕ್ಕೆಯಲ್ಲಿ ಅದೇ ಲೆಕ್ಕ ಮುದುಕರ ಅಂಗೈಯಲ್ಲಿದೆ, ಆ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಜೂನ್, ಜುಲೈ ಎರಡು ತಿಂಗಳ ರಜೆಯಲ್ಲಿ ಬೋಟುಗಳು ದಡದಲ್ಲಿರುತ್ತವೆ. ಫ್ಯಾನು ಬಿಚ್ಚಿದಾಗ ಅದರ ಗುಬ್ಬದ ಮೇಲೆ ಕೊರೆದ ಅಗಲ, ಪಿಚ್‌ಗಳ ಎರಡು ಅಂಕಿಗಳನ್ನು, ಜೊತೆಗೆ ಗೇರಿನ ಅನುಪಾತವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.